ಮೂರನೇ ಸೈಲೆನ್ಸರ್

"ಎತ್ತು ಒಪ್ಪಿದ್ರ ಹಾಕಸು, ಇಲ್ಲಂದ್ರ ಇಲ್ಲ" ಎಂದು ಹಾಲಸಿದ್ದ ಪಿಕಪ್ಪಿನ ಹಿಂದಿನಿಂದಲೇ ಹುಕುಂ ಕೊಟ್ಟ. ಕಾಗವಾಡದ ಆಬಾಸಾಹೇಬನ ಗ್ಯಾರೇಜಿಗೆ ಇಂಥ ಗಿರಾಕಿ ಹಿಂದೆಂದೂ ಬಂದಿರಲಿಲ್ಲ. ಹೊಸ ಸೈಲೆನ್ಸರ್ ಬೇಕಾಗಿದ್ದು ಮಗ ಭರತನಿಗೆ. ಅದನ್ನು ಆರಿಸಲು ಅಪ್ಪ ಶರ್ಯತ್ತಿನ ಎತ್ತು ಸರ್ಜಾನನ್ನೇ ಪಿಕಪ್ಪಿಗೆ ಹತ್ತಿಸಿಕೊಂಡು ಜುಗೂಳದಿಂದ ಬಂದಿದ್ದ.

ಅಪ್ಪನ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಸೋಮವಾರ ಅಂಕಲಿಯಲ್ಲಿ ಎತ್ತಿನ ಬಂಡಿ ಓಟದ ಶರ್ಯತ್ತು. ದಾರಿಯುದ್ದಕ್ಕೂ ಸದ್ದಿಗೆ ಬೆದರಿದ ಎತ್ತು ಮೈದಾನಕ್ಕೆ ಇಳಿಯುವಷ್ಟರಲ್ಲಿ ಅರ್ಧ ಜೀವವಾಗಿರುತ್ತದೆ. ಆದರೆ ಭರತನ ಸಂಕಟವೇ ಬೇರೆ. ಉಳಿದವರ ಪಿಕಪ್ಪುಗಳು ಊರ ಹೊರಗಿನಿಂದಲೇ ಗುಡುಗುತ್ತ ತಮ್ಮ ಎತ್ತು ಬಂತೆಂದು ಸಾರುತ್ತವೆ. ಇವನದು ನೆಗಡಿಯಾದ ಕುರಿಯ ಹಾಗೆ ಕೆಮ್ಮುತ್ತ ಹೋಗಿ ನಿಂತರೆ ಯಾರೂ ದಾರಿ ಕೂಡ ಬಿಡುವುದಿಲ್ಲ. ಹೋದ ವರ್ಷ ಒಬ್ಬ ಮಹಾಶಯ ಹಾಲಿನ ಗಾಡಿ ಎಂದು ತಿಳಿದು ಚರಿಗೆ ಹಿಡಿದುಕೊಂಡು ಬಂದಿದ್ದ. ಆ ಅವಮಾನ ಭರತನಿಗೆ ಇನ್ನೂ ಆರಿರಲಿಲ್ಲ.

ಆಬಾಸಾಹೇಬ ಮೂರು ಸೈಲೆನ್ಸರ್‌ಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟ. "ಇದು ಸ್ವಲ್ಪ ಗುರುಗುಡತೈತಿ, ಅಷ್ಟ. ಎರಡನೇದು ಹಾಕಿದ್ರ ಇಂಜಿನ್ನಿಗೆ ಉಸರಾಡಾಕ ಜಾಗಾ ಸಿಗತೈತಿ, ಲೋಡ್ ಇದ್ರೂ ಚಡಾವ ಆರಾಮ ಏರತೈತಿ. ಮೂರನೇದು ಬರೇ ಆವಾಜ. ಎಳಿಯೂ ತಾಕತ್ತೇನೂ ಹೆಚ್ಚಾಗೂದಿಲ್ಲ."

"ಮೂರನೇದ ಹಾಕ್ರಿ, ಮಾಮಾ" ಎಂದ ಭರತ.

"ಮೊದ್ಲ ಎತ್ತು" ಎಂದ ಹಾಲಸಿದ್ದ.

ಸರ್ಜಾನನ್ನು ಕೆಳಗಿಳಿಸಿ ಪಿಕಪ್ಪಿನ ಪಕ್ಕ ನಿಲ್ಲಿಸಿ, ಒಂದೊಂದಾಗಿ ಬಿಗಿದು ನೋಡಿದರು. ಮೊದಲನೆಯದಕ್ಕೆ ಸರ್ಜಾ ಮಿಸುಕಲಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಹಾಕಿ ಭರತ ಎಕ್ಸಿಲರೇಟರ್ ತುಳಿದಾಗ ಗ್ಯಾರೇಜಿನ ತಗಡು ನಡುಗಿತು. ಎದುರಿನ ಚಹಾದಂಗಡಿಯಲ್ಲಿ ಕೂತವರು ಕಿವಿ ಮುಚ್ಚಿಕೊಂಡು ಬೈದರು. ಪಕ್ಕದಲ್ಲೇ ನಿಂತಿದ್ದ ಹಾಲಸಿದ್ದನೇ ಬೆಚ್ಚಿಬಿದ್ದು ಹಗ್ಗ ಕೈಬಿಟ್ಟ. ಸರ್ಜಾ ಮಾತ್ರ ನೆಮ್ಮದಿಯಾಗಿ ಮೆಲುಕು ಹಾಕುತ್ತ ನಿಂತಿತ್ತು.

"ನೋಡ್ರಿ, ಎಂಥಾ ಎದಿಗಾರಿಕಿ!" ಹಾಲಸಿದ್ದನ ಮುಖ ಅರಳಿತು. "ಹದಿನೈದು ದಿನದ ಹಿಂದ ಇದನ್ನ ಮಾರುವಾಗ ರಾಯಬಾಗದ ಲಗಮಣ್ಣ ಹೇಳಿದ್ದ, ಹಲಗಿ ಬಾರಸ್ರಿ, ಪಟಾಕಿ ಹಾರಸ್ರಿ, ಇದು ಅಂಜೂ ಎತ್ತಲ್ಲ ಅಂತ. ಸುಳ್ಳ ಹೇಳಿಲ್ಲ ಮನಶ್ಯಾ."

ಗೆದ್ದವನಂತೆ ಕೆಳಗಿಳಿದ ಭರತನಿಗೆ ಯಾಕೋ ಅನುಮಾನ ಬಂತು. ಅಪ್ಪ ಚಹಾ ಕುಡಿಯಲು ರಸ್ತೆ ದಾಟಿದ್ದೇ ತಡ, ಅವನು ಎತ್ತಿನ ಹಿಂದೆ ಹೋಗಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ಸೀಟಿ ಹೊಡೆದ. ನಟ್ಟು ಬಿಗಿಯುವ ಎರಡು ಪಾನಾ ತೆಗೆದುಕೊಂಡು ಅದರ ಕಿವಿಯ ಹತ್ತಿರವೇ ಖಣಖಣ ಬಡಿದ. ಕಿವಿ ಅಲುಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಾಗ ಅವನ ನೆರಳು ಎತ್ತಿನ ಕಣ್ಣ ಮುಂದೆ ಬಿದ್ದದ್ದೇ, ಅದು ಥಟ್ಟನೆ ತಿರುಗಿ ನೋಡಿತು.

ಕೈ ಒರೆಸಿಕೊಳ್ಳುತ್ತಿದ್ದ ಆಬಾಸಾಹೇಬ ಹಾಗೇ ನಿಂತುಬಿಟ್ಟ. "ಭರತಾ, ಇದಕ್ಕ ಕಿವಿನ ಕೇಳಸೂದಿಲ್ಲೋ."

ಭರತ ಪಾನಾ ಕೆಳಗಿಟ್ಟ. ಇಷ್ಟು ದಿನ ತಾಲೀಮಿನಲ್ಲಿ ಬೆನ್ನಿಗೆ ಕೈ ತಾಗಿದರೆ ಸರ್ಜಾ ಓಡುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಈ ಸಲ ಅಂಕಲಿಯ ಕಮಿಟಿಯವರು ಬಾರಕೋಲು ಬಂದ್ ಮಾಡಿದ್ದರು, ಎತ್ತಿನ ಮೈ ಮುಟ್ಟುವ ಹಾಗೂ ಇರಲಿಲ್ಲ. ಬಂಡಿ ಹೊಡೆಯುವವನ ಕೂಗೊಂದೇ ಗತಿ, ಮತ್ತು ಹೊಡೆಯುವವನು ಅಪ್ಪ. ಕೂಗಿದೊಡನೆ ಜೋಡಿಯ ಹಳೇ ಎತ್ತು ಜಿಗಿಯುತ್ತದೆ, ಇದು ನಿಂತೇ ಇರುತ್ತದೆ. ಬಂಡಿ ಗೆರೆ ದಾಟುವ ಮೊದಲೇ ಮಗುಚಿ ಅಪ್ಪ ಅದರ ಅಡಿಗೆ ಬೀಳುತ್ತಾನೆ.

"ಅಪ್ಪಗ ಈಗ ಹೇಳು" ಎಂದ ಆಬಾಸಾಹೇಬ.

"ಮನಿಗೆ ಹೋಗಿ ಹೇಳತೀನ್ರಿ. ನೀವು ನಟ್ಟು ಬಿಗೀರಿ."

ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಈಗಲೇ ಹೇಳಿದರೆ ಶರ್ಯತ್ತೂ ಇಲ್ಲ, ಸೈಲೆನ್ಸರ್ರೂ ಇಲ್ಲ. ಅಪ್ಪ ಇವತ್ತಾದರೂ ಖುಷಿಯಾಗಿರಲಿ ಎಂದು ಭರತ ತನಗೆ ತಾನೇ ಹೇಳಿಕೊಂಡ. ಇಂಥ ಹೊತ್ತಿನಲ್ಲಿ ಅಪ್ಪನ ಮೇಲಿನ ಪ್ರೀತಿ ಎಲ್ಲಿಲ್ಲದೆ ಉಕ್ಕುತ್ತದೆ.

ಚಹಾ ಮುಗಿಸಿ ಬಂದ ಹಾಲಸಿದ್ದ ಕೇಳಿದ, "ಏನಾತಲೇ?"

"ಎತ್ತು ಒಪ್ಪೇತಿ, ಅಪ್ಪಾ."

ಸರ್ಜಾನನ್ನೂ ಅಪ್ಪನನ್ನೂ ಹಿಂದೆ ಹತ್ತಿಸಿಕೊಂಡು ಜುಗೂಳದ ದಾರಿಯಲ್ಲಿ ಪಿಕಪ್ಪು ಗುಡುಗುತ್ತ ಹೊರಟಿತು. ಕಬ್ಬು ಕಡಿಯುತ್ತಿದ್ದವರು ಕೊಯ್ತ ಕೆಳಗಿಟ್ಟು ನೋಡಿದರು. ಎದುರಿಗೆ ಬಂದ ಬೈಕುಗಳು ರಸ್ತೆಯ ಅಂಚಿಗೆ ಸರಿದವು. ನಿಜ ಹೇಳಬೇಕೆಂದರೆ ಭರತನಿಗೆ ಬಹಳ ಖುಷಿಯಾಯಿತು. ಮೂರು ಮೈಲಿಯವರೆಗೆ ಅವನಿಗೆ ಬೇರೆ ಯಾವುದರ ನೆನಪೂ ಆಗಲಿಲ್ಲ.

ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿಕೊಂಡಿತ್ತು. ಭರತ ಇಂಜಿನ್ ಬಂದ್ ಮಾಡಿದ. ಒಮ್ಮೆಲೇ ಎಲ್ಲ ಮೌನವಾಯಿತು. ಹಿಂದಿನ ಕಿಟಕಿಯಿಂದ ಅಪ್ಪನ ಧ್ವನಿ ಕೇಳಿಬಂತು. ಹಾಲಸಿದ್ದ ಸರ್ಜಾನ ಕೊರಳು ತಬ್ಬಿಕೊಂಡು ಅದರ ಕಿವಿಗೆ ಬಾಯಿ ಹಚ್ಚಿದ್ದ.

"ಸೋಮವಾರ ಮಂದಿ ಭಾಳ ಒದರತಾರ, ರಾಜಾ. ಅದರ ಕಡೆ ಲಕ್ಷ್ಯ ಕೊಡಬ್ಯಾಡ. ನನ್ನ ಧ್ವನಿ ಒಂದ ಕೇಳು. ನೀ ಕೇಳತಿ ಅಂತ ನಂಬಿ ನಾ ಬಂಡಿ ಹತ್ತಾಕತ್ತೇನಿ."

ಮುಂದಿನ ಟ್ರ್ಯಾಕ್ಟರು ಇನ್ನೂ ಅಲುಗಿರಲಿಲ್ಲ. ಭರತ ಗಡಬಡಿಸಿ ಇಂಜಿನ್ ಚಾಲೂ ಮಾಡಿ ಎಕ್ಸಿಲರೇಟರ್ ಪೂರ್ತಿ ಒತ್ತಿದ. ಕನ್ನಡಿಯಲ್ಲಿ ಅಪ್ಪನ ತುಟಿ ಅಲುಗುತ್ತಲೇ ಇತ್ತು. ಈಗ ಭರತನಿಗೂ ಏನೂ ಕೇಳಿಸಲಿಲ್ಲ.