ಜೇನು ಬೆರೆಸಿದ ಹೆಂಡ

ಎಂಟು ಹೆಡೆಯ ಘಟಸರ್ಪವೊಂದು ವರ್ಷಕ್ಕೊಬ್ಬಳಂತೆ ಒಬ್ಬ ತಾಯಿಯ ಏಳು ಹೆಣ್ಣುಮಕ್ಕಳನ್ನು ನುಂಗಿ ನೀರು ಕುಡಿದಿತ್ತು. ಇವತ್ತು ಎಂಟನೆಯವಳ ಸರದಿ.

ದಾರಿಯಲ್ಲಿ ಹೋಗುತ್ತಿದ್ದ ಕತ್ತಿಯವನೊಬ್ಬ ಮರುಗಿ ನಿಂತ. ಹೆಡೆಗೊಂದರಂತೆ ಎಂಟು ಹಂಡೆ ಹೆಂಡ ಇಟ್ಟರೆ, ಹಾವು ಕುಡಿದು ಮಲಗಿದಾಗ ಕಡಿದುಹಾಕುತ್ತೇನೆ ಎಂದ.

ತಾಯಿ ಎಂಟು ಹಂಡೆಗಳಿಗೆ ಹೆಂಡ ತುಂಬಿದಳು. ಹೆಂಡಕ್ಕೆ ಯಾವುದೋ ಬೇರು ಅರೆದು ಹಾಕಿ, ಮೇಲೆ ಜೇನು ಸುರಿದಳು.

"ಹಾವಿಗೆ ಜೇನು ಯಾಕಮ್ಮ?" ಕತ್ತಿಯವನು ಕೇಳಿದ.

"ಬೇರು ಕಹಿ. ಉಗುಳಿಬಿಟ್ಟರೆ?"

"ಒಂದೇ ಒಂದು ತಲೆ ಎಚ್ಚರವಾದರೂ ನನ್ನ ಕಥೆ ಮುಗೀತು."

"ಎಚ್ಚರ ಆಗಲ್ಲಪ್ಪ."

"ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?"

ತಾಯಿ ಸೌಟು ತೊಳೆದಿಟ್ಟಳು.

"ಏಳೂ ಮಕ್ಕಳಿಗೆ, ಕಳಿಸೋ ಮುಂಚೆ ಇದನ್ನೇ ಕುಡಿಸಿದ್ದೆ. ಅದು ನುಂಗುವಾಗ ಒಬ್ಬಳೂ ಕಣ್ಣು ಬಿಡಲಿಲ್ಲ."