ಖಣದ ಕುಪ್ಪಸ

ದಿನಕ್ಕೆ ಸಾವಿರದ ಐನೂರು ಕ್ಯಾಲೊರಿ ಇಟ್ಟುಕೊಂಡರೆ ತೂಕ ನಿಧಾನವಾಗಿ ಇಳಿಯುತ್ತದೆ ಎಂದು ಫೋನು ಹೇಳುತ್ತಿತ್ತು. ಹರ್ಷದಾಗೆ ನಿಧಾನ ಬೇಕಿರಲಿಲ್ಲ. ತಂಗಿಯ ಮದುವೆ ಬರುವ ತಿಂಗಳೇ ಇತ್ತು. ತೊಡಬೇಕೆಂದು ತೆಗೆದ ತನ್ನ ಮದುವೆಯ ಖಣದ ಕುಪ್ಪಸ ತೋಳಿನಲ್ಲೇ ಸಿಕ್ಕಿಕೊಂಡಿತ್ತು. ಹೆಬ್ಬೆರಳಿನಿಂದ ಫೋನಿನಲ್ಲಿದ್ದ ಕ್ಯಾಲೊರಿಯ ಗುರಿಯನ್ನು ಕೆಳಗೆಳೆದಳು. ಸಾವಿರದ ಇನ್ನೂರು: ಮೈ ಹಗುರಾಯಿತು. ಸಾವಿರ: ಕುರ್ಚಿ ಬಿಟ್ಟು ಮೇಲೆದ್ದಳು. ಎಂಟುನೂರಕ್ಕೆ ಬರುವಷ್ಟರಲ್ಲಿ ಬಾಲ್ಕನಿ ದಾಟಿ, ಲಿಂಗಂಪಲ್ಲಿ ಸ್ಟೇಷನ್ನಿನ ಮೇಲೆ ಅರಳೆಯಂತೆ ತೇಲುತ್ತಿದ್ದಳು. ಕೆಳಗೆ ರೈಲು ಸದ್ದಿಲ್ಲದೆ ಹರಿಯುತ್ತಿತ್ತು, ಮೈಮೇಲೆ ಅದೇ ಕುಪ್ಪಸ ಮಿರುಗುತ್ತಿತ್ತು.

ಎಲ್ಲೋ ದಾರ ಕಡಿದ ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ, ಅತ್ತೆ ಕೃಷ್ಣಾಬಾಯಿ ಕನ್ನಡಕ ಮೂಗಿಗಿಳಿಸಿ ಕುಪ್ಪಸದ ಹೊಲಿಗೆ ಬಿಚ್ಚುತ್ತಿದ್ದರು.

“ಅತ್ತ್ಯಾರ, ಏನ್ ಮಾಡ್ಲಿಕತ್ತೀರಿ?”

“ಹೊಲಿಯೋ ಮುಂದನ ಒಳಗ ಎರಡು ಬೆರಳು ಅರಿವಿ ಬಿಟ್ಟಿದ್ದೆ. ನಮ್ಮ ಮನಿಗೆ ಬಂದ ಮ್ಯಾಲೆ ನೀ ಹೊಟ್ಟಿ ತುಂಬ ಉಂಡು ಮೈ ತುಂಬಿಕೋಬೇಕು ಅಂತ.”

ಬಿಚ್ಚಿದ ಮಡಿಕೆಯಲ್ಲಿ ಬಿಸಿಲು ಕಾಣದ ಬಣ್ಣ ಮದುವೆಯ ದಿನದಷ್ಟೇ ಹೊಸದಾಗಿತ್ತು. ಹರ್ಷದಾ ಒಂದು ಕೈಯಿಂದ ಅದನ್ನು ಸವರುತ್ತ, ಇನ್ನೊಂದರಿಂದ ಫೋನಿನಲ್ಲಿ ಎಂಟುನೂರಕ್ಕೇ ನಿಂತಿದ್ದ ಗುರಿಯನ್ನು ಮೆಲ್ಲಗೆ ಸಾವಿರದ ಐನೂರಕ್ಕೆ ಏರಿಸಿದಳು.