ಸೇತುವೆಯ ಮೇಲೆ ಎರಡನೇ ಗೇರು

ಗಂಡ ಸುಕೇಶ ಜ್ವರದಲ್ಲಿ ತೀರಿಕೊಂಡ ಮೇಲೂ ಕಾರಿನ ಗೇರ್‌ಬಾಕ್ಸಿಗೆ ಅವನ ಅಭ್ಯಾಸಗಳು ನೆನಪಿದ್ದವು. ಎಲ್ಲರ ಕಾರುಗಳೂ ಹಾಗೆಯೇ. ಉತ್ತರಕ್ರಿಯೆಯ ದಿನ ಆ ನೆನಪುಗಳನ್ನು ಅಳಿಸಿಬಿಡುವುದು ವಾಡಿಕೆ. ನಾನು ಅಳಿಸಿರಲಿಲ್ಲ.

ನಾನು ಓಡಿಸುವಾಗಲೂ ನೇತ್ರಾವತಿ ಸೇತುವೆ ಹತ್ತಿದೊಡನೆ ಕಾರು ತಾನಾಗಿಯೇ ಎರಡನೇ ಗೇರಿಗೆ ಇಳಿಯುತ್ತಿತ್ತು. ನಿನ್ನೆ ಹಿಂದಿನ ಲಾರಿ ಗೇಣು ದೂರದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು.

ಮೆಕ್ಯಾನಿಕ್ ಲ್ಯಾನ್ಸಿ ವೈರು, ಸೆನ್ಸರು, ಆಯಿಲು ಎಲ್ಲ ನೋಡಿದ.

“ಫಾಲ್ಟ್ ಏನಿಲ್ಲ ಅಕ್ಕ. ಅಣ್ಣನಿಗೆ ನೀರು ಅಂದ್ರೆ ಹೆದರಿಕೆ ಅಲ್ವಾ?”

“ನನಗೆ ಹೇಳಿರಲಿಲ್ಲ.”

“ಗೇರಿಗೆ ಹೇಳಿದ್ದಾರೆ ಮಾರಾಯ್ರೆ. ಅಳಿಸ್ಲಾ?”

ಶಾಲೆಗೆ ಹೋಗಿದ್ದ ಮಗಳ ಖಾಲಿ ಸೀಟು ನೋಡಿದೆ. “ಅಳಿಸಿ.”

ವಾಪಸು ಬರುವಾಗ ಸೇತುವೆಯ ಮೇಲೆ ಗೇರು ತಡವರಿಸಲೇ ಇಲ್ಲ. ಕೆಳಗೆ ನೀರು ಕಂಡಿತು. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಲಾರಿ ಹಾರ್ನ್ ಹೊಡೆಯಿತು.